ಶಾಲೆಯ ಖರ್ಚು ಅಪ್ಪ-ಅಮ್ಮಂದೋ, ಊರಿಂದೋ?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಅಡ್ಡಲಾಗಿ ಡಂಬಾರ್ಟನ್ ಸೇತುವೆ ಇದೆ. ಅದರ ಪೂರ್ವಕ್ಕೆ ಫ್ರೀಮಾಂಟ್, ಪಶ್ಚಿಮಕ್ಕೆ ಪಾಲೋ ಆಲ್ಟೊ. ಎರಡೂ ಕಡೆ ಕನ್ನಡದವರ ಮನೆಗಳಿವೆ. ಪಾಲೋ ಆಲ್ಟೊದಲ್ಲಿ ಮನೆ ಇರುವವರು ತಮ್ಮೂರಿನ ಸರ್ಕಾರಿ ಶಾಲೆಗಳಿಗೆ ಅಂತಲೇ ವರ್ಷಕ್ಕೆ 800 ಡಾಲರಿಗಿಂತ ಜಾಸ್ತಿ ವಿಶೇಷ ತೆರಿಗೆ ಕಟ್ಟುತ್ತಾರೆ. ಫ್ರೀಮಾಂಟ್‌ನಲ್ಲಿ ಅದೇ ತೆರಿಗೆ ಹಲವು ವರ್ಷ 73 ಡಾಲರಿನಲ್ಲೇ ನಿಂತಿತ್ತು. ರಾಜ್ಯ ಒಂದೇ, ಕಾನೂನು ಒಂದೇ.

ಇದಕ್ಕೆ ಪಾರ್ಸೆಲ್ ಟ್ಯಾಕ್ಸ್ ಅನ್ನುತ್ತಾರೆ. ಕಂದಾಯದ ಲೆಕ್ಕದಲ್ಲಿ ಒಂದು ನಂಬರ್ ಇರುವ ಪ್ರತಿ ಜಾಗಕ್ಕೂ ಇಷ್ಟು ಅಂತ ಹಾಕುವ ತೆರಿಗೆ. ಇದನ್ನು ಊರಿನವರೇ ವೋಟು ಹಾಕಿ ತಮ್ಮ ಮೇಲೆ ಹಾಕಿಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆ ಬಂದಾಗಲೆಲ್ಲ ಯಾವುದಾದರೂ ಒಂದು ಶಾಲಾ ಜಿಲ್ಲೆ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಈ ತೆರಿಗೆಯನ್ನು ಹೊಸದಾಗಿ ಹಾಕಲು, ಮುಂದುವರಿಸಲು ಇಲ್ಲವೇ ಏರಿಸಲು ಜನರನ್ನು ಕೇಳುತ್ತದೆ. ನನ್ನ ಮಟ್ಟಿಗೆ ಇದಕ್ಕೆ ಹೌದು ಅನ್ನಬೇಕು. ಈ ತೆರಿಗೆಯಲ್ಲಿ ದೋಷಗಳಿವೆ, ಅವನ್ನೂ ಹೇಳುತ್ತೇನೆ. ಆದರೆ ಮೊದಲು ಒಂದು ಪ್ರಶ್ನೆ. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಿರುವ ರಾಜ್ಯದಲ್ಲಿ ಸರ್ಕಾರಿ ಶಾಲೆ ಯಾಕೆ ಹೀಗೆ ಕೈಚಾಚಬೇಕು?

ಅಮೆರಿಕದಲ್ಲಿ ಸರ್ಕಾರಿ ಶಾಲೆ ಅಂದರೆ ಊರಿನ ಶಾಲೆ. ದೇಶದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಬಹುಪಾಲು ಜಿಲ್ಲೆಗಳಿಗೆ ಜನರೇ ಆರಿಸಿದ ಮಂಡಳಿ ಇರುತ್ತದೆ. ವಾಷಿಂಗ್ಟನ್ನಿನಿಂದ ಬರುವ ದುಡ್ಡು ಮಾಮೂಲಿ ವರ್ಷಗಳಲ್ಲಿ ನೂರಕ್ಕೆ ಹತ್ತನ್ನೂ ಮುಟ್ಟುವುದಿಲ್ಲ. ಉಳಿದದ್ದನ್ನು ರಾಜ್ಯ ಮತ್ತು ಊರು ಹೆಚ್ಚುಕಡಿಮೆ ಸಮವಾಗಿ ಹಂಚಿಕೊಳ್ಳುತ್ತವೆ. ಊರಿನ ಪಾಲು ಮುಖ್ಯವಾಗಿ ಬರುವುದು ಆಸ್ತಿ ತೆರಿಗೆಯಿಂದ. ಹಾಗಾಗಿ ಊರು ಶ್ರೀಮಂತವಾಗಿದ್ದರೆ ಶಾಲೆಯೂ ಶ್ರೀಮಂತ.

ಇದರ ಅನ್ಯಾಯ ಕಣ್ಣಿಗೆ ಹೊಡೆಯುವಂತೆ ಕಂಡದ್ದು ಒಂದು ಕೇಸಿನಲ್ಲಿ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಬೆವರ್ಲಿ ಹಿಲ್ಸ್ ಇದೆ, ಬಾಲ್ಡ್ವಿನ್ ಪಾರ್ಕ್ ಅನ್ನುವ ಸಾಮಾನ್ಯರ ಊರೂ ಇದೆ. 1968-69ರಲ್ಲಿ ಬೆವರ್ಲಿ ಹಿಲ್ಸ್ ಒಂದು ಮಗುವಿಗೆ 1,232 ಡಾಲರ್ ಖರ್ಚು ಮಾಡಿತು. ಬಾಲ್ಡ್ವಿನ್ ಪಾರ್ಕ್‌ಗೆ ಆದದ್ದು 577 ಡಾಲರ್. ಬಾಲ್ಡ್ವಿನ್ ಪಾರ್ಕ್‌ನವರು ಕಡಿಮೆ ತೆರಿಗೆ ಕಟ್ಟುತ್ತಿದ್ದರು ಅಂದುಕೊಳ್ಳಬೇಡಿ. ನೂರು ಡಾಲರ್ ಆಸ್ತಿ ಮೌಲ್ಯಕ್ಕೆ ಅವರು ಕಟ್ಟುತ್ತಿದ್ದದ್ದು 5.48 ಡಾಲರ್. ಬೆವರ್ಲಿ ಹಿಲ್ಸ್‌ನವರು ಕಟ್ಟುತ್ತಿದ್ದದ್ದು 2.38. ಬಡವರು ಎರಡು ಪಟ್ಟು ದರದಲ್ಲಿ ತೆರಿಗೆ ಕಟ್ಟಿ ಅರ್ಧ ಶಾಲೆ ಪಡೆಯುತ್ತಿದ್ದರು. ಜಾನ್ ಸೆರಾನೊ ಅನ್ನುವ ಒಬ್ಬ ತಂದೆ ಮತ್ತು ಇತರ ಪೋಷಕರು ಕೋರ್ಟಿಗೆ ಹೋದರು. ಮಗುವಿನ ಓದು ಅದು ಹುಟ್ಟಿದ ಊರಿನ ಆಸ್ತಿಯ ಬೆಲೆಯ ಮೇಲೆ ನಿಲ್ಲಬಾರದು ಅಂತ 1971ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿತು. 1976ರಲ್ಲಿ ಮತ್ತೊಮ್ಮೆ ಗಟ್ಟಿಯಾಗಿ ಹೇಳಿತು. ಈ ನಡುವೆ, 1973ರಲ್ಲಿ, ಟೆಕ್ಸಾಸ್‌ನ ಇಂಥದ್ದೇ ಕೇಸಿನಲ್ಲಿ ದೇಶದ ಸುಪ್ರೀಂ ಕೋರ್ಟ್ 5-4ರಲ್ಲಿ ಬೇರೆಯೇ ತೀರ್ಪು ಕೊಟ್ಟಿತು. ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಅಂದಿತು. ಅಲ್ಲಿಂದ ಮುಂದೆ ಈ ಜಗಳ ಆಯಾ ರಾಜ್ಯಗಳ ಪಾಲಿಗೇ ಉಳಿಯಿತು.

ನನಗೆ ಕ್ಯಾಲಿಫೋರ್ನಿಯಾದ ಸೆರಾನೊ ತೀರ್ಪಿನ ಬಗ್ಗೆ ದೊಡ್ಡ ಗೌರವ ಇದೆ. ಆದರೆ 1976 ಕಳೆದು ಎರಡೇ ವರ್ಷದಲ್ಲಿ ಇನ್ನೊಂದು ಅಲೆ ಬಂತು.

ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮನೆ ಬೆಲೆ ಹುಚ್ಚಾಪಟ್ಟೆ ಏರಿತು. ಬೆಲೆ ಏರಿದ ಹಾಗೆ ತೆರಿಗೆಯೂ ಏರಿತು. ಪಿಂಚಣಿಯಲ್ಲಿ ಬದುಕುವ ಮುದುಕರಿಗೆ ತಾವೇ ಸಾಲ ತೀರಿಸಿದ ಮನೆಯ ತೆರಿಗೆ ಕಟ್ಟಲು ಆಗದ ಸ್ಥಿತಿ ಬಂತು. ಅವರ ಸಿಟ್ಟು ಸುಳ್ಳಲ್ಲ. ಹೊವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಆ ಸಿಟ್ಟನ್ನು ಒಟ್ಟು ಮಾಡಿದರು. 1978ರ ಜೂನ್‌ನಲ್ಲಿ ಪ್ರೊಪೊಸಿಷನ್ 13, ಅಂದರೆ ಜನರ ನೇರ ವೋಟಿಗೆ ಇಟ್ಟ ಪ್ರಸ್ತಾವ, ಸುಮಾರು 65% ವೋಟಿನಿಂದ ಗೆದ್ದಿತು. ಆಸ್ತಿ ತೆರಿಗೆ ಮೌಲ್ಯದ 1% ದಾಟುವಂತಿಲ್ಲ. ಆ ಮೌಲ್ಯ ವರ್ಷಕ್ಕೆ 2%ಗಿಂತ ಜಾಸ್ತಿ ಏರುವಂತಿಲ್ಲ. ಮನೆ ಕೈಬದಲಾದಾಗ ಇಲ್ಲವೇ ಹೊಸದಾಗಿ ಕಟ್ಟಿದಾಗ ಮಾತ್ರ ಹೊಸ ಬೆಲೆಗೆ ಲೆಕ್ಕ. ಊರು ತನಗಾಗಿ ವಿಶೇಷ ತೆರಿಗೆ ಹಾಕಿಕೊಳ್ಳಬೇಕೆಂದರೆ ಮೂರರಲ್ಲಿ ಎರಡು ಪಾಲು ವೋಟು ಬೇಕು. ಒಂದೇ ಏಟಿಗೆ ಆಸ್ತಿ ತೆರಿಗೆಯ ಆದಾಯ ಅರ್ಧಕ್ಕಿಂತ ಕೆಳಗೆ ಬಿತ್ತು. ರಾಜ್ಯ ಸರ್ಕಾರ ಶಾಲೆಗಳನ್ನು ಎತ್ತಿ ಹಿಡಿಯಬೇಕಾಯಿತು. ದುಡ್ಡಿನ ಕೀಲಿಕೈ ಊರಿನ ಕೈತಪ್ಪಿ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು. ಮುಂದಿನ ಒಂದೂವರೆ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಮಗುವಿಗೆ ಮಾಡುವ ಖರ್ಚು ದೇಶದ ಸರಾಸರಿಗಿಂತ ಸಾಕಷ್ಟು ಕೆಳಗೆ ಇಳಿಯಿತು.

ಈ ನಿಯಮದ ಕೆಲಸ ನೋಡಬೇಕೆಂದರೆ ಒಂದು ಬೀದಿ ಸಾಕು. ಅಕ್ಕಪಕ್ಕ ಎರಡು ಮನೆ, ಒಂದೇ ಅಳತೆ ಅಂತ ಇಟ್ಟುಕೊಳ್ಳಿ. ಒಂದನ್ನು 1985ರಲ್ಲಿ ಒಂದೂವರೆ ಲಕ್ಷ ಡಾಲರಿಗೆ ಕೊಂಡರು. ವರ್ಷಕ್ಕೆ 2% ಏರಿ, ನಲವತ್ತು ವರ್ಷ ಕಳೆದ ಮೇಲೆ ಅದರ ಲೆಕ್ಕದ ಮೌಲ್ಯ ಸುಮಾರು 3.3 ಲಕ್ಷ. ತೆರಿಗೆ 3,300 ಡಾಲರ್. ಪಕ್ಕದ ಮನೆಯನ್ನು ಈಗ 20 ಲಕ್ಷ ಡಾಲರಿಗೆ ಕೊಂಡವರಿಗೆ ತೆರಿಗೆ 20,000 ಡಾಲರ್. ರಸ್ತೆ ಒಂದೇ, ಶಾಲೆ ಒಂದೇ. ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ, ಇತ್ತೀಚೆಗೆ ಮನೆ ಕೊಂಡವರಲ್ಲಿ ನಮ್ಮ ದೇಶದವರು ತುಂಬಾ ಜನ. "ಇಷ್ಟೊಂದು ತೆರಿಗೆ ಕಟ್ಟುತ್ತೀವಿ, ಮತ್ತೆ ಶಾಲೆಗೆ ಬೇರೆ ಕೊಡಬೇಕಾ?" ಅಂತ ಅವರು ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ಅದಕ್ಕೆ ಉತ್ತರ ಕೊಡುವುದು ಸ್ವಲ್ಪ ಕಷ್ಟ, ಆದರೆ ಕೊಡಲೇಬೇಕು. ಕ್ಯಾಲಿಫೋರ್ನಿಯಾದ ಬಹುಪಾಲು ಜಿಲ್ಲೆಗಳಲ್ಲಿ ನಿಮ್ಮ ಆಸ್ತಿ ತೆರಿಗೆ ಜಾಸ್ತಿ ಬಂದರೂ ನಿಮ್ಮ ಶಾಲೆಗೆ ಒಂದು ಡಾಲರೂ ಜಾಸ್ತಿ ಸಿಗುವುದಿಲ್ಲ. 2013ರಿಂದ ಒಂದು ಸೂತ್ರ ಇದೆ. ಮಗುವಿಗೆ ಇಷ್ಟು ಅಂತ ಮೂಲ ಮೊತ್ತ. ಬಡ ಮನೆಯ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಬೇರೆಯವರ ಆಸರೆಯಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಅದರ ಮೇಲೆ 20%. ಅಂಥ ಮಕ್ಕಳೇ ಹೆಚ್ಚಿರುವ ಜಿಲ್ಲೆಗೆ ಇನ್ನಷ್ಟು. ಈ ಲೆಕ್ಕದಲ್ಲಿ ಬರಬೇಕಾದ ಮೊತ್ತಕ್ಕೆ ಊರಿನ ಆಸ್ತಿ ತೆರಿಗೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟನ್ನು ರಾಜ್ಯ ತುಂಬುತ್ತದೆ. ಊರಿನ ತೆರಿಗೆ ಏರಿದರೆ ರಾಜ್ಯ ಕೊಡುವುದು ಅಷ್ಟೇ ಇಳಿಯುತ್ತದೆ. ಸೂತ್ರದ ಮೊತ್ತಕ್ಕಿಂತಲೂ ಜಾಸ್ತಿ ಆಸ್ತಿ ತೆರಿಗೆ ಬರುವ ನೂರಕ್ಕೂ ಹೆಚ್ಚು ಜಿಲ್ಲೆಗಳಿವೆ. ಅವು ಆ ಹೆಚ್ಚುವರಿಯನ್ನು ಇಟ್ಟುಕೊಳ್ಳಬಹುದು. ಪಾಲೋ ಆಲ್ಟೊ ಅಂಥದ್ದು. ಫ್ರೀಮಾಂಟ್ ಅಂಥದ್ದಲ್ಲ.

ನಾನು ಈ ಸೂತ್ರದ ಪರ. ಸೆರಾನೊ ಕೇಸಿನ ಆಸೆ ಹೆಚ್ಚುಕಡಿಮೆ ಈಡೇರಿದ್ದು ಇದರಿಂದಲೇ. ಆದರೆ ಮಧ್ಯಮ ವರ್ಗದ ಊರುಗಳ ಪಾಡು ಏನಾಗುತ್ತದೆ ನೋಡಿ. ಬಡ ಮಕ್ಕಳ ಸಂಖ್ಯೆ ಕಡಿಮೆ, ಹಾಗಾಗಿ ಹೆಚ್ಚುವರಿ ಅನುದಾನ ಕಡಿಮೆ. ಹೆಚ್ಚುವರಿ ಇಟ್ಟುಕೊಳ್ಳುವಷ್ಟು ಆಸ್ತಿ ತೆರಿಗೆಯೂ ಇಲ್ಲ. ಅದೇ ವೇಳೆ ಬೇ ಏರಿಯಾದ ಬಾಡಿಗೆಗೆ ತಕ್ಕ ಸಂಬಳ ಕೊಡದಿದ್ದರೆ ಟೀಚರ್ ನಿಲ್ಲುವುದಿಲ್ಲ. ಸೂತ್ರದ ಮೂಲ ಮೊತ್ತ ದುಬಾರಿ ಊರಿಗೂ ಅಗ್ಗದ ಊರಿಗೂ ಒಂದೇ. ಈ ಕೊರತೆ ತುಂಬಲು ಊರಿನ ಕೈಯಲ್ಲಿ ಉಳಿದಿರುವ ದೊಡ್ಡ ದಾರಿ ಪಾರ್ಸೆಲ್ ಟ್ಯಾಕ್ಸ್. ಬಾಂಡ್, ಅಂದರೆ ಜಿಲ್ಲೆ ಎತ್ತಿ ಆಸ್ತಿ ತೆರಿಗೆಯಿಂದ ತೀರಿಸುವ ಸಾಲ, ಇದೆಯಲ್ಲ ಅನ್ನಬಹುದು. 2000ನೇ ಇಸವಿಯಿಂದ ಶಾಲಾ ಬಾಂಡ್‌ಗೆ 55% ವೋಟು ಸಾಕು. ಆದರೆ ಬಾಂಡಿನ ದುಡ್ಡು ಕಟ್ಟಡಕ್ಕೆ, ಸಲಕರಣೆಗೆ ಮಾತ್ರ. ಹೊಸ ಲೈಬ್ರರಿ ಕಟ್ಟಬಹುದು, ಲೈಬ್ರೇರಿಯನ್‌ಗೆ ಸಂಬಳ ಕೊಡುವಂತಿಲ್ಲ. ಲಾಟರಿ ದುಡ್ಡು ಶಾಲೆಗೆ ಹೋಗುತ್ತದಲ್ಲ ಅಂತಲೂ ತುಂಬಾ ಜನ ಕೇಳುತ್ತಾರೆ. ಹೋಗುತ್ತದೆ, ಬಜೆಟ್ಟಿನ ನೂರರಲ್ಲಿ ಒಂದೆರಡು ಪಾಲಿನಷ್ಟು.

ಈಗ ಯಾಕೆ ಇಷ್ಟು ಬಿಗಿ?

ಎರಡು ಕಾರಣ ಒಟ್ಟಿಗೆ ಬಂದಿವೆ. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ದೇಶದ ಶಾಲೆಗಳಿಗೆ ಮೂರು ಕಂತಿನಲ್ಲಿ ಸುಮಾರು 190 ಶತಕೋಟಿ ಡಾಲರ್ ಕೊಟ್ಟಿತು. ಅದನ್ನು ಬಳಸಿಕೊಳ್ಳುವ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಆ ದುಡ್ಡಿನಲ್ಲಿ ತೆಗೆದುಕೊಂಡ ಕೌನ್ಸೆಲರ್‌ಗಳು, ಸಹಾಯಕ ಟೀಚರ್‌ಗಳು ಈಗ ಬಜೆಟ್ಟಿನ ಮೇಲೆ ಭಾರ. ಎರಡನೆಯದು, ಮಕ್ಕಳೇ ಕಡಿಮೆಯಾಗುತ್ತಿದ್ದಾರೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ 2019-20ರಲ್ಲಿ ಸುಮಾರು 61.6 ಲಕ್ಷ ಮಕ್ಕಳಿದ್ದರು. ನಾಲ್ಕು ವರ್ಷದಲ್ಲಿ ಅದು ಸುಮಾರು 58.4 ಲಕ್ಷಕ್ಕೆ ಬಂತು. ಮನೆ ಬೆಲೆ ನೋಡಿ ಚಿಕ್ಕ ಮಕ್ಕಳಿರುವ ಕುಟುಂಬಗಳು ಊರು ಬಿಡುತ್ತಿವೆ. ಒಳ್ಳೆಯ ಶಾಲೆಗೆ ಅಂತಲೇ ನಮ್ಮವರು ಹುಡುಕಿಕೊಂಡು ಹೋಗುವ ಕುಪರ್ಟಿನೊದಲ್ಲೂ 2022ರಲ್ಲಿ ಎಲಿಮೆಂಟರಿ ಶಾಲೆಗಳನ್ನು ಮುಚ್ಚಿದರು.

ಮಕ್ಕಳು ಕಡಿಮೆಯಾದರೆ ಖರ್ಚೂ ಕಡಿಮೆ ಆಗಬೇಕಲ್ವಾ? ಹಾಗೆ ಆಗುವುದಿಲ್ಲ. ಶಾಲೆಗೆ ದುಡ್ಡು ಬರುವುದು ತಲೆ ಲೆಕ್ಕದಲ್ಲಿ. ಒಂದೊಂದು ಕ್ಲಾಸಿನಲ್ಲಿ ಇಬ್ಬಿಬ್ಬರು ಮಕ್ಕಳು ಕಡಿಮೆಯಾದರೆ ಆ ಇಬ್ಬರ ದುಡ್ಡು ಹೋಗುತ್ತದೆ. ಟೀಚರ್ ಒಬ್ಬರು ಬೇಕೇ ಬೇಕು. ಕರೆಂಟು, ಬಸ್ಸು, ಕಾವಲು ಎಲ್ಲ ಹಾಗೇ ಇರುತ್ತವೆ. ಇದರ ಜೊತೆಗೆ ವಿಶೇಷ ಅಗತ್ಯ ಇರುವ ಮಕ್ಕಳ ಶಿಕ್ಷಣ ಇದೆ. ಅಂಥ ಒಂದೊಂದು ಮಗುವಿಗೂ, ದೇಶದಲ್ಲಿ ಒಂದು ಮಗುವಿಗೆ ಆಗುವ ಸರಾಸರಿ ಖರ್ಚಿನ 40% ತನಕ ತಾನು ಕೊಡುತ್ತೇನೆ ಅಂತ ಅಮೆರಿಕದ ಸಂಸತ್ತು 1975ರಲ್ಲಿ ಕಾನೂನಿನಲ್ಲೇ ಬರೆಯಿತು. ಅದರ ಅರ್ಧದಷ್ಟನ್ನೂ ಮಾಮೂಲಿ ವರ್ಷಗಳಲ್ಲಿ ಕೊಟ್ಟಿಲ್ಲ. ಆ ಮಕ್ಕಳಿಗೆ ಸೇವೆ ಕೊಡುವುದು ಶಾಲೆಯ ಕರ್ತವ್ಯ. ಅದರಲ್ಲಿ ಕಡಿತ ಮಾಡುವಂತಿಲ್ಲ, ಮಾಡಲೂ ಬಾರದು. ಹಾಗಾಗಿ ಕತ್ತರಿ ಬೀಳುವುದು ಸಂಗೀತ, ಲೈಬ್ರರಿ, ಕೌನ್ಸೆಲಿಂಗ್, ಓದಿನಲ್ಲಿ ಹಿಂದುಳಿದ ಮಕ್ಕಳ ಸಣ್ಣ ಗುಂಪಿನ ತರಗತಿಗಳಿಗೆ.

ದುಡ್ಡು ಹಾಕಿದರೆ ಮಕ್ಕಳ ಕಲಿಕೆ ಸುಧಾರಿಸುತ್ತದಾ ಅನ್ನುವುದು ಹಳೆಯ ವಾದ. ಈಗ ಇದಕ್ಕೆ ಗಟ್ಟಿ ಪುರಾವೆ ಇದೆ. ಸೆರಾನೊ ಥರದ ಕೋರ್ಟ್ ತೀರ್ಪುಗಳಿಂದ ಬೇರೆ ಬೇರೆ ರಾಜ್ಯಗಳಲ್ಲಿ ಶಾಲಾ ಖರ್ಚು ಇದ್ದಕ್ಕಿದ್ದಂತೆ ಬದಲಾಯಿತು. ಆ ಬದಲಾವಣೆಯನ್ನೇ ಹಿಡಿದು ಜ್ಯಾಕ್ಸನ್, ಜಾನ್ಸನ್ ಮತ್ತು ಪೆರ್ಸಿಕೊ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಆ ಕಾಲದ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಅಂತ ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದರು. ಹನ್ನೆರಡು ವರ್ಷವೂ ಪ್ರತಿ ಮಗುವಿನ ಮೇಲೆ 10% ಜಾಸ್ತಿ ಖರ್ಚಾದರೆ ದೊಡ್ಡವರಾದಾಗ ಅವರ ಸಂಬಳ ಸುಮಾರು 7% ಹೆಚ್ಚು, ಬಡತನಕ್ಕೆ ಬೀಳುವವರು ಕಡಿಮೆ. ಬಡ ಮನೆಯ ಮಕ್ಕಳಲ್ಲಿ ಈ ಪರಿಣಾಮ ಇನ್ನೂ ಜೋರು. ಟೆನೆಸಿ ರಾಜ್ಯದಲ್ಲಿ 1985ರಲ್ಲಿ ಶುರುವಾದ ಪ್ರಯೋಗವೂ ಇದೆ. ಅಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಕೆಲವರಿಗೆ 13ರಿಂದ 17 ಮಕ್ಕಳ ಕ್ಲಾಸು, ಕೆಲವರಿಗೆ 22ರಿಂದ 25. ಚಿಕ್ಕ ಕ್ಲಾಸಿನವರು ಮುಂದೆ ಬಂದರು, ಕಾಲೇಜಿಗೆ ಹೋದವರೂ ಅವರಲ್ಲಿ ಹೆಚ್ಚು. ದುಡ್ಡನ್ನು ಹೇಗೆ ಖರ್ಚು ಮಾಡುತ್ತೀರಿ ಅನ್ನುವುದು ಮುಖ್ಯ, ನಿಜ. ಆದರೆ ಹೇಗೆ ಅಂತ ಕೇಳಬೇಕೆಂದರೂ ಕೈಯಲ್ಲಿ ದುಡ್ಡು ಇರಬೇಕು.

ವಿರೋಧಿಸುವವರು ಏನನ್ನುತ್ತಾರೆ

ಇಂಥ ಒಂದು ತೆರಿಗೆಯ ಪರವಾಗಿ ನಾನು ಮನೆಮನೆಗೆ ಹೋಗಿ ಬಾಗಿಲು ತಟ್ಟಿದ್ದೇನೆ. ಸಂಜೆ ಹೊತ್ತು, ಕೈಯಲ್ಲಿ ಕರಪತ್ರ, ಜೊತೆಗೆ ಇನ್ನೊಬ್ಬ ಪೋಷಕರು. ಎಲ್ಲರೂ ಬಾಗಿಲು ತೆಗೆಯುವುದಿಲ್ಲ. ತೆಗೆದವರಲ್ಲಿ ಬಹುಪಾಲು ಜನ ಒಳ್ಳೆಯ ಮಾತನ್ನೇ ಆಡುತ್ತಾರೆ. ಗಟ್ಟಿ ಪ್ರಶ್ನೆ ಕೇಳಿದವರು ಒಬ್ಬ ಹಿರಿಯರು. ಅವರ ಬೀದಿಯಲ್ಲಿ ಅವರದೇ ಹಳೆಯ ಮನೆ. ಮಕ್ಕಳು ಓದು ಮುಗಿಸಿ ಬೇರೆ ರಾಜ್ಯಕ್ಕೆ ಹೋಗಿ ಎಷ್ಟೋ ವರ್ಷವಾಗಿದೆ. "ಮೂಲೆಯಲ್ಲಿರುವ ಆ ಶಾಪಿಂಗ್ ಸೆಂಟರ್ ಎಷ್ಟು ಕಟ್ಟುತ್ತೆ?" ಅಂತ ಕೇಳಿದರು. ನಾನು ನಿಜ ಹೇಳಿದೆ. ನಿಮ್ಮಷ್ಟೇ ಕಟ್ಟುತ್ತೆ ಅಂದೆ. ಅವರು ತಲೆ ಆಡಿಸಿ ಕರಪತ್ರ ತೆಗೆದುಕೊಂಡರು. ಯಾವ ಕಡೆ ವೋಟು ಹಾಕಿದರೋ, ಕೇಳುವುದು ನನ್ನ ಕೆಲಸ ಅಲ್ಲ.

ಪಾರ್ಸೆಲ್ ಟ್ಯಾಕ್ಸಿನ ಅತಿ ದೊಡ್ಡ ದೋಷ ಅದೇ. ಬೆಲೆಗೆ ತಕ್ಕ ತೆರಿಗೆಯನ್ನು ಪ್ರೊಪೊಸಿಷನ್ 13 ಮುಚ್ಚಿಬಿಟ್ಟಿದೆ. ಉಳಿದದ್ದು ಜಾಗಕ್ಕೆ ಇಷ್ಟು ಅನ್ನುವ ಚಪ್ಪಟೆ ತೆರಿಗೆ. ಚಿಕ್ಕ ಮನೆಗೂ ಮಾಲ್‌ಗೂ ಒಂದೇ ದರ. ಕೆಲವು ಊರುಗಳು ಕಟ್ಟಡದ ಚದರಡಿ ಲೆಕ್ಕದಲ್ಲಿ ಹಾಕುತ್ತವೆ. ನನಗೆ ಅದೇ ಸರಿ ಅನ್ನಿಸುತ್ತದೆ. 65 ದಾಟಿದವರಿಗೆ ಎಷ್ಟೋ ಜಿಲ್ಲೆಗಳು ವಿನಾಯಿತಿ ಕೊಡುತ್ತವೆ. ಅರ್ಜಿ ಹಾಕಬೇಕು ಅಷ್ಟೇ, ಆದರೆ ಅದು ಗೊತ್ತಿಲ್ಲದ ಹಿರಿಯರು ತುಂಬಾ ಇದ್ದಾರೆ. ನಿಮ್ಮ ಪಕ್ಕದ ಮನೆಯಲ್ಲಿ ಅಂಥವರಿದ್ದರೆ ಹೇಳಿ, ಒಂದು ಫಾರಂ ತುಂಬಿಕೊಡಿ. ವಯಸ್ಸಿನ ಜೊತೆಗೆ ಆದಾಯವನ್ನೂ ನೋಡಿ ವಿನಾಯಿತಿ ಕೊಟ್ಟರೆ ಇನ್ನೂ ನ್ಯಾಯ.

ಇನ್ನೊಂದು ಆಕ್ಷೇಪ ಪಿಂಚಣಿಯದ್ದು. ಟೀಚರ್‌ಗಳ ಪಿಂಚಣಿ ನಿಧಿಗೆ ಶಾಲಾ ಜಿಲ್ಲೆಗಳು ಕಟ್ಟಬೇಕಾದದ್ದು 2013-14ರಲ್ಲಿ ಸಂಬಳದ 8.25% ಇತ್ತು. ನಿಧಿಯ ಕೊರತೆ ತುಂಬಲು 2014ರಲ್ಲಿ ತಂದ ಕಾನೂನಿನಿಂದ ಅದು ಮೆಟ್ಟಿಲು ಮೆಟ್ಟಿಲಾಗಿ 19.1%ಗೆ ಏರಿತು. "ಹೊಸ ದುಡ್ಡೆಲ್ಲ ಹಳೆಯ ಬಾಕಿಗೇ ಹೋಗುತ್ತೆ" ಅನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಆ ಬಾಕಿಯನ್ನು ಮೂರನೇ ಕ್ಲಾಸಿನ ಮಗು ಮಾಡಿಲ್ಲ. ಬಾಕಿ ಹೇಗೂ ಕಟ್ಟಲೇಬೇಕು, ಕಟ್ಟಿದ ಮೇಲೆ ಕ್ಲಾಸಿನಲ್ಲಿ ಏನು ಉಳಿಯುತ್ತದೆ ಅನ್ನುವುದು ಪ್ರಶ್ನೆ. ಪಾರ್ಸೆಲ್ ಟ್ಯಾಕ್ಸಿನ ಮಸೂದೆಯಲ್ಲಿ ದುಡ್ಡು ಯಾವುದಕ್ಕೆ ಹೋಗಬೇಕು ಅಂತ ಬರೆದಿರುತ್ತಾರೆ. ಆಡಳಿತಾಧಿಕಾರಿಗಳ ಸಂಬಳಕ್ಕೆ ಹೋಗಬಾರದು ಅಂತಲೂ ಎಷ್ಟೋ ಕಡೆ ಇರುತ್ತದೆ. ಊರಿನ ಜನರ ಮೇಲ್ವಿಚಾರಣಾ ಸಮಿತಿ ಇರುತ್ತದೆ. ಸಾಮಾನ್ಯವಾಗಿ ಕೆಲವು ವರ್ಷದ ಅವಧಿ ಹಾಕಿರುತ್ತಾರೆ. ಅದು ಮುಗಿದ ಮೇಲೆ ಮತ್ತೆ ಜನರ ಮುಂದೆ ಬರಬೇಕು. ನಾನು ಕಟ್ಟುವ ಬೇರೆ ಯಾವ ತೆರಿಗೆಯಲ್ಲೂ ಇಷ್ಟು ಹಿಡಿತ ನನಗಿಲ್ಲ.

ಅಕ್ಟೋಬರ್‌ನಲ್ಲಿ ಬರುವ ಆಸ್ತಿ ತೆರಿಗೆ ಬಿಲ್ಲನ್ನು ಒಮ್ಮೆ ನಿಧಾನವಾಗಿ ಓದಿ. ಮೇಲೆ ದೊಡ್ಡಕ್ಷರದಲ್ಲಿ 1%ನ ಮೊತ್ತ. ಅದರ ಕೆಳಗೆ ಬಾಂಡುಗಳ ಪಾಲು. ಇನ್ನೂ ಕೆಳಗೆ ಸಣ್ಣ ಸಣ್ಣ ಸಾಲುಗಳು. ಸೊಳ್ಳೆ ನಿಯಂತ್ರಣಕ್ಕೆ ಇಷ್ಟು, ಬಯಲು ಜಾಗ ಉಳಿಸಲು ಇಷ್ಟು, ಶಾಲೆಗೆ ಇಷ್ಟು. ಮೊದಲ ಕಂತು ಡಿಸೆಂಬರ್ 10ರ ಒಳಗೆ ಕಟ್ಟಬೇಕು, ಎರಡನೆಯದು ಏಪ್ರಿಲ್ 10ರ ಒಳಗೆ. ಇಪ್ಪತ್ತು ಸಾವಿರದ ಬಿಲ್ಲಿನಲ್ಲಿ ನಿಮ್ಮ ಮಗುವಿನ ಶಾಲೆಗೆ ನೇರವಾಗಿ, ಎಲ್ಲೂ ಸುತ್ತದೆ, ಕಡಿತವಾಗದೆ ಹೋಗುವುದು ಆ ಒಂದು ಸಣ್ಣ ಸಾಲು.

ಮೂರರಲ್ಲಿ ಎರಡು ಪಾಲು ವೋಟು ಬೇಕು ಅನ್ನುವ ನಿಯಮದ ಬಗ್ಗೆಯೂ ಹೇಳಬೇಕು. ನೂರು ಜನರಲ್ಲಿ 66 ಜನ ಹೌದು ಅಂದರೂ ಸೋಲು. 34 ಜನ ಬೇಡ ಅಂದರೆ ಮುಗಿಯಿತು. ಅಂದರೆ ಬೇಡ ಅನ್ನುವವರ ಒಂದು ವೋಟು ಹೌದು ಅನ್ನುವವರ ಎರಡು ವೋಟಿಗೆ ಸಮ. ವಾಷಿಂಗ್ಟನ್ ರಾಜ್ಯದಲ್ಲಿ ಇಂಥ ತೆರಿಗೆಗೆ 60% ಬೇಕಿತ್ತು, 2007ರಲ್ಲಿ ಜನ ಸಂವಿಧಾನ ತಿದ್ದಿ ಬರೀ ಬಹುಮತ ಸಾಕು ಅಂದರು. ಕ್ಯಾಲಿಫೋರ್ನಿಯಾದಲ್ಲೂ ಒಂದು ಸಂದು ತೆರೆದಿದೆ. 2017ರ ಒಂದು ತೀರ್ಪನ್ನು ಆಧರಿಸಿ, ಜನರೇ ಸಹಿ ಸಂಗ್ರಹಿಸಿ ತಂದ ತೆರಿಗೆಗೆ ಬರೀ ಬಹುಮತ ಸಾಕು ಅಂತ ಮೇಲ್ಮನವಿ ಕೋರ್ಟುಗಳು ಹೇಳಿವೆ. ಓಕ್ಲ್ಯಾಂಡ್‌ನ 2018ರ ಮಕ್ಕಳ ಶಿಕ್ಷಣದ ತೆರಿಗೆ 62% ವೋಟು ಪಡೆದು ಕೋರ್ಟಿನಲ್ಲಿ ಉಳಿದುಕೊಂಡಿತು. ದೊಡ್ಡ ವಾಣಿಜ್ಯ ಆಸ್ತಿಗಳಿಗೆ ಮಾರುಕಟ್ಟೆ ಬೆಲೆಯಲ್ಲಿ ತೆರಿಗೆ ಹಾಕುವ ಪ್ರೊಪೊಸಿಷನ್ 15 ಮಾತ್ರ 2020ರಲ್ಲಿ 48-52ರಲ್ಲಿ ಸೋತಿತು. ನನ್ನ ಪ್ರಕಾರ ನಿಜವಾದ ಪರಿಹಾರ ಅದೇ ಆಗಿತ್ತು.

ದೇಣಿಗೆ ಕೊಟ್ಟರೆ ಸಾಲದಾ?

ನಮ್ಮವರು ಹೆಚ್ಚಾಗಿ ಕೇಳುವುದು ಇದನ್ನೇ. ಶಾಲೆಯ ಪೋಷಕರ ಸಂಘಕ್ಕೆ, ಶಿಕ್ಷಣ ಪ್ರತಿಷ್ಠಾನಕ್ಕೆ ವರ್ಷ ವರ್ಷ ದುಡ್ಡು ಕೊಡುತ್ತೇವಲ್ಲ, ತೆರಿಗೆ ಯಾಕೆ? ಕೊಡಿ, ಖಂಡಿತ ಕೊಡಿ. ಆದರೆ ದೇಣಿಗೆ ಮಗು ಶಾಲೆಯಲ್ಲಿರುವ ತನಕ ಮಾತ್ರ ಬರುತ್ತದೆ. ಕೆಲಸ ಹೋದ ವರ್ಷ ಬರುವುದಿಲ್ಲ. ಬೆಟ್ಟದ ಮೇಲಿನ ಮನೆಗಳ ಶಾಲೆಗೆ ಲಕ್ಷ ಡಾಲರ್ ಕೂಡುತ್ತದೆ. ಅದೇ ಜಿಲ್ಲೆಯಲ್ಲಿ ಹೆದ್ದಾರಿ ಪಕ್ಕದ ಅಪಾರ್ಟ್‌ಮೆಂಟ್‌ಗಳ ಶಾಲೆಗೆ ಅದರ ಕಾಲು ಭಾಗವೂ ಕೂಡುವುದಿಲ್ಲ. ದೇಣಿಗೆ ನಂಬಿ ಒಬ್ಬ ಟೀಚರನ್ನು ಕಾಯಂ ಮಾಡಿಕೊಳ್ಳಲು ಆಗದು. ತೆರಿಗೆ ಜಿಲ್ಲೆಗೆಲ್ಲ ಒಂದೇ, ಮಕ್ಕಳಿಲ್ಲದವರೂ ಕೊಡುತ್ತಾರೆ, ಅಂಗಡಿಯವರೂ ಕೊಡುತ್ತಾರೆ. ನಮ್ಮ ಮಕ್ಕಳು ಓದು ಮುಗಿಸಿದ ಮೇಲೆ ನಾವೂ ಬೇರೆಯವರ ಮಕ್ಕಳಿಗಾಗಿ ಕೊಡುತ್ತೇವೆ. ಇಡೀ ವಿಷಯದ ಜೀವಾಳ ನನ್ನ ಪಾಲಿಗೆ ಇಲ್ಲಿದೆ. ಶಾಲೆ ಊರಿನ ಖರ್ಚು, ಅಪ್ಪ-ಅಮ್ಮಂದಿರ ಖರ್ಚಲ್ಲ.

ಇದರಲ್ಲಿ ನಮ್ಮವರಿಗೆ ಒಂದು ಬೇಸರದ ಸಂಗತಿ ಇದೆ. ಎಚ್-1ಬಿ ವೀಸಾದಲ್ಲಿ ಇರುವವರು, ಗ್ರೀನ್ ಕಾರ್ಡ್‌ಗೆ ವರ್ಷಾನುಗಟ್ಟಲೆ ಕಾಯುತ್ತಿರುವವರು ಮನೆ ಕೊಳ್ಳಬಹುದು, ತೆರಿಗೆ ಕಟ್ಟಬೇಕು, ಮಕ್ಕಳನ್ನು ಇದೇ ಶಾಲೆಗೆ ಕಳಿಸುತ್ತಾರೆ. ಈ ತೆರಿಗೆಯ ಮೇಲೆ ವೋಟು ಹಾಕುವಂತಿಲ್ಲ. ಹಾಗಾಗಿ ವೋಟು ಇರುವ ಕನ್ನಡಿಗರ ಮೇಲೆ ಹೊಣೆ ಜಾಸ್ತಿ. ನಾಗರಿಕರಾದ ನಮ್ಮ ಎಷ್ಟೋ ಜನ ಅಧ್ಯಕ್ಷರ ಹೆಸರಿಗೆ ಗುರುತು ಹಾಕಿ, ಬ್ಯಾಲಟ್‌ನ ಹಿಂಬದಿಯಲ್ಲಿರುವ ಊರಿನ ಪ್ರಶ್ನೆಗಳನ್ನು ಖಾಲಿ ಬಿಟ್ಟು ಕಳಿಸಿಬಿಡುತ್ತಾರೆ. ಕೆಲವೇ ನೂರು ವೋಟುಗಳಲ್ಲಿ ತೀರ್ಮಾನವಾಗಬಹುದಾದ ಪ್ರಶ್ನೆ ಅದೇ ಹಿಂಬದಿಯಲ್ಲಿ ಇರುತ್ತದೆ. ವೋಟು ಇಲ್ಲದವರೂ ಶಾಲಾ ಮಂಡಳಿಯ ಸಭೆಯಲ್ಲಿ ಮಾತಾಡಬಹುದು.

ಕರ್ನಾಟಕದ ಬಿಲ್ಲಿನಲ್ಲಿ ಇಲ್ಲದ ಸಾಲು

2022ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತ್ತು. ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳು (ಪೋಷಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಸಮಿತಿಗಳು) ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ. ಜನ ಸಿಟ್ಟಾದರು. ಕೆಲವೇ ದಿನದಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ತೆಗೆದುಕೊಂಡದ್ದು ಸರಿಯೇ. ಇವತ್ತು ನಮ್ಮಲ್ಲಿ ಸರ್ಕಾರಿ ಶಾಲೆಗೆ ಬರುವವರು ಹೆಚ್ಚಾಗಿ ಕೂಲಿಯವರ, ಸಣ್ಣ ರೈತರ, ವಲಸೆ ಕಾರ್ಮಿಕರ ಮಕ್ಕಳು. ಊರಲ್ಲಿ ಎಲ್ಲರಿಗಿಂತ ಕಡಿಮೆ ಇರುವವರ ಹತ್ತಿರ ಶಾಲೆಯ ಬಲ್ಬಿಗೆ, ನೀರಿಗೆ ದುಡ್ಡು ಕೇಳುವುದು ಯಾವ ನ್ಯಾಯ? ಆದರೆ ಸುತ್ತೋಲೆ ಹೋದ ಮೇಲೆ ಶಾಲೆಗೆ ಆ ದುಡ್ಡು ಎಲ್ಲಿಂದ ಬರಬೇಕು ಅನ್ನುವ ಮಾತೂ ಅಲ್ಲಿಗೇ ನಿಂತುಹೋಯಿತು.

ಬೆಂಗಳೂರಿನ ಆಸ್ತಿ ತೆರಿಗೆಯ ರಸೀದಿ ನೋಡಿ. ತೆರಿಗೆಯ ಮೇಲೆ 15% ಆರೋಗ್ಯ ಸೆಸ್, 6% ಗ್ರಂಥಾಲಯ ಸೆಸ್, 3% ಭಿಕ್ಷುಕರ ಪುನರ್ವಸತಿಗೆ. ಶಾಲೆಗೆ ಅಂತ ಸಾಲಿಲ್ಲ. ಶಿಕ್ಷಣದ ಹೆಸರಿನಲ್ಲಿ ನಾವು ಕಟ್ಟುವ ಸೆಸ್ ಆದಾಯ ತೆರಿಗೆಯ ಮೇಲಿದೆ. 2004ರಲ್ಲಿ 2% ಅಂತ ಶುರುವಾಯಿತು. 2018ರಿಂದ ಆರೋಗ್ಯ ಮತ್ತು ಶಿಕ್ಷಣ ಎರಡಕ್ಕೂ ಸೇರಿ 4%. ಅದು ದಿಲ್ಲಿಗೆ ಹೋಗುತ್ತದೆ. ಸೆಸ್ ಆಗಿರುವುದರಿಂದ ಬೇರೆ ತೆರಿಗೆಗಳ ಹಾಗೆ ರಾಜ್ಯಗಳಿಗೆ ಪಾಲು ಕೊಡಬೇಕಾಗಿಲ್ಲ. ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಅಂತ 2006-07ರಿಂದ 2016-17ರ ತನಕ ಸಂಗ್ರಹಿಸಿದ್ದು 83 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅದನ್ನು ಇಡಬೇಕಾದ ನಿಧಿಯನ್ನೇ ಆ ಅವಧಿಯಲ್ಲಿ ಮಾಡಿರಲಿಲ್ಲ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಬರೆಯಿತು. ಕೊಟ್ಟವರಿಗೆ ತಮ್ಮ ದುಡ್ಡು ಎಲ್ಲಿ ಹೋಯಿತು ಅಂತ ಕಾಣುವ ದಾರಿಯೇ ಇಲ್ಲ.

ಹಾಗಾದರೆ ಊರಿನ ಆಸ್ತಿ ತೆರಿಗೆಯಲ್ಲೇ ಶಾಲೆಗೊಂದು ಪಾಲು ಇರಲಿ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವವರೂ ಕೊಡಲಿ, ಟೆಕ್ ಪಾರ್ಕುಗಳೂ ಕೊಡಲಿ. ಆದರೆ ಬಾಲ್ಡ್ವಿನ್ ಪಾರ್ಕ್ ಮರೆಯಬಾರದು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಐದು ಪಾಲಿಕೆಗಳಾಗಿದೆ. ಆಸ್ತಿ ತೆರಿಗೆ ಅತಿ ಹೆಚ್ಚು ಬರುವ ಮಹದೇವಪುರ ಪೂರ್ವದ ಪಾಲಿಕೆಗೆ ಸೇರಿದೆ. ಪ್ರತಿ ಪಾಲಿಕೆಯ ಸೆಸ್ ಆ ಪಾಲಿಕೆಯ ಶಾಲೆಗೇ ಅಂತ ಮಾಡಿದರೆ ಒಂದೇ ಊರಿನೊಳಗೆ ಎರಡು ಥರದ ಶಾಲೆ ಹುಟ್ಟುತ್ತವೆ. ಯಾದಗಿರಿಯ ಕಥೆಯಂತೂ ಕೇಳುವುದೇ ಬೇಡ. ಅದಕ್ಕೇ ಅರ್ಧ ದುಡ್ಡು ಕೊಟ್ಟ ವಾರ್ಡಿನ ಶಾಲೆಗಳಲ್ಲೇ ಉಳಿಯಬೇಕು. ಕೊಟ್ಟವರು ಹೋಗಿ ಕಣ್ಣಾರೆ ನೋಡುವಂತಿರಬೇಕು. ಇನ್ನರ್ಧ ರಾಜ್ಯದ ಒಂದೇ ನಿಧಿಗೆ ಹೋಗಿ, ಮಕ್ಕಳ ಲೆಕ್ಕ ಮತ್ತು ಬಡತನದ ಲೆಕ್ಕದಲ್ಲಿ ಹಂಚಿಕೆಯಾಗಬೇಕು. ಕರ್ನಾಟಕದಲ್ಲಿ 46 ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿವೆ. ಎಸ್‌ಡಿಎಂಸಿಗಳೂ ಇವೆ. ಶಾಲೆಗೆ ಎಷ್ಟು ಬಂತು, ಏನಾಯಿತು ಅಂತ ಗೋಡೆಯ ಮೇಲೆ ಬರೆಸಲು ಹೊಸ ಇಲಾಖೆ ಬೇಕಾಗಿಲ್ಲ.

ಅದಕ್ಕಿಂತ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಬೆಂಗಳೂರಿನ ಪಾಲಿಕೆ ಜನರಿಂದ ವಸೂಲು ಮಾಡಿದ ಗ್ರಂಥಾಲಯ ಸೆಸ್‌ನಲ್ಲಿ ನೂರಾರು ಕೋಟಿ ರೂಪಾಯಿಯನ್ನು ವರ್ಷಗಟ್ಟಲೆ ಗ್ರಂಥಾಲಯ ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡಿತ್ತು. ವಸೂಲಾದ ಸೆಸ್ ಇಷ್ಟು ದಿನದೊಳಗೆ ಶಾಲೆಯ ಖಾತೆಗೆ ಬೀಳಲೇಬೇಕು, ತಡವಾದರೆ ಬಡ್ಡಿ ಸಮೇತ ಕೊಡಬೇಕು ಅಂತ ಕಾನೂನಿನಲ್ಲೇ ಬರೆದ ಮೇಲೆ ರಸೀದಿಯಲ್ಲಿ ಆ ಸಾಲು ಸೇರಿಸಲಿ.